ಮಳೆ ಜೋರಾದರೆ ಮಾವ ಬೂಟು ಹಾಕಿಕೊಳ್ಳುತ್ತಾರೆ

2024 ಜುಲೈ 31, ಬುಧವಾರ
ಜಂಬೂರು, ಕೊಡಗು

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ನಿನ್ನೆಯಿಂದ ಟಿವಿ ತುಂಬ ಕೇರಳದ ವಯನಾಡಿನಲ್ಲಿ ರಾತ್ರಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಸುದ್ದಿ. ಮುಂಡಕ್ಕೈ, ಚೂರಲ್‌ಮಲ. ಅತ್ತೆ ರಿಮೋಟ್ ಹುಡುಕುವಷ್ಟರಲ್ಲಿ ಮಾವ ನೋಡಿಬಿಟ್ಟಿದ್ದರು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಬೂಟು ಹಾಕಿಕೊಂಡರು, ಟಾರ್ಚ್ ಹಿಡಿದು ಬಾಗಿಲ ಹತ್ತಿರ ಕೂತರು. ಆಗ ಹಗಲು ಹನ್ನೊಂದು ಗಂಟೆ.

ಮಕ್ಕಂದೂರಿನ ಹತ್ತಿರ ಅವರದ್ದು ಮನೆ, ಕಾಫಿ ತೋಟ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಅತ್ತೆಯ ಕೈ ಹಿಡಿದುಕೊಂಡು ಕತ್ತಲಲ್ಲೇ ಮೇಲಕ್ಕೆ ಹತ್ತಿದ್ದರು. ಬರಿಗಾಲಲ್ಲಿ. ಇಬ್ಬರಿಗೂ ಒಂದು ಗಾಯ ಆಗಲಿಲ್ಲ. ಅದಕ್ಕೇ ನಾವೆಲ್ಲ "ಜೀವ ಉಳೀತಲ್ಲ, ಅದೇ ದೊಡ್ಡದು" ಅಂದೆವು. ನಾನೂ ಅಂದಿದ್ದೆ. ಆ ಮಾತು ಅವರ ಬಾಯಿ ಮುಚ್ಚಿಸಿತು ಅಂತ ಈಗ ಗೊತ್ತಾಗುತ್ತದೆ.

ಆಮೇಲಿನ ಎರಡು ಮಳೆಗಾಲ ಅವರು ರಾತ್ರಿ ಮಲಗಲೇ ಇಲ್ಲ. ಹಸಿ ಮಣ್ಣಿನ ವಾಸನೆ ಬಂದರೆ ಬೆವರುತ್ತಿದ್ದರು. ಲಾರಿ ಗುಡುಗಿದರೆ ಬೆಚ್ಚಿಬಿದ್ದು ಎದ್ದು ನಿಲ್ಲುತ್ತಿದ್ದರು. ಊರಿನ ಹೆಸರು ಎತ್ತಿದರೆ ಎದ್ದು ಹೊರಟುಬಿಡುತ್ತಿದ್ದರು. ಮದುವೆ, ಹುತ್ತರಿ ಯಾವುದಕ್ಕೂ ಬರುತ್ತಿರಲಿಲ್ಲ. ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸಿದ್ದರು. ಕೊನೆಗೆ ಮೈಸೂರಿನಲ್ಲಿ ಒಬ್ಬ ಮನೋವೈದ್ಯರು ಅತ್ತೆಯನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಇದು ಆಘಾತದ ನಂತರ ಕಾಡುವ ಮನಸ್ಸಿನ ಕಾಯಿಲೆ, ಪಿಟಿಎಸ್‌ಡಿ ಅಂದರು. ಭಯಾನಕವಾದದ್ದು ನಡೆದಾಗ ಯಾರಿಗಾದರೂ ನಿದ್ದೆ ಕೆಡುತ್ತದೆ. ಹೆಚ್ಚಿನವರಿಗೆ ದಿನ ಕಳೆದ ಹಾಗೆ ಸರಿಹೋಗುತ್ತದೆ. ತಿಂಗಳು ದಾಟಿದರೂ ಬಿಡದೆ ಬದುಕನ್ನೇ ಹಿಡಿದುಕೊಂಡರೆ ಅದು ಕಾಯಿಲೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಹೆಸರನ್ನು ತಮ್ಮ ಕೈಪಿಡಿಗೆ ಸೇರಿಸಿದರಂತೆ. "ಹಾಗಾದ್ರೆ ನಾನು ಹೆದರುಪುಕ್ಕಲ ಅಲ್ಲ" ಅಂದರಂತೆ ಮಾವ. ಅತ್ತೆ ಇದನ್ನು ಹೇಳುವಾಗ ಈಗಲೂ ಅಳುತ್ತಾರೆ.

ಸರ್ಟ್ರಲಿನ್ ಮಾತ್ರೆ ಶುರುವಾಯಿತು. ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಅಂದಿದ್ದರು. ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಅದೇ ಕಷ್ಟದ್ದು. ಕಣ್ಣು ಮುಚ್ಚಿಕೊಂಡು ಆ ರಾತ್ರಿಯನ್ನು ಮೊದಲಿಂದ ಕೊನೆವರೆಗೆ ಹೇಳಬೇಕು. ಮುಗಿದರೆ ಮತ್ತೆ ಮೊದಲಿಂದ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಇದೆಂಥ ಹಿಂಸೆ ಅಂತ ನನಗೆ ಸಿಟ್ಟು ಬಂದಿತ್ತು. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಹತ್ತಾರು ಸಲ ಹೇಳಿದ ಮೇಲೆ ಅದು ಈಗ ನಡೆಯುತ್ತಿರುವುದಲ್ಲ, ಆವತ್ತು ನಡೆದದ್ದು ಅಂತ ಮೈಗೆ ತಿಳಿಯತೊಡಗುತ್ತದೆ. ಹಾಗೇ ಸುಲಭದ್ದರಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು: ತಗಡಿನ ಮೇಲೆ ಬೀಳುವ ಮಳೆ ಕೇಳುವುದು, ತೊರೆಯ ಪಕ್ಕ ನಿಲ್ಲುವುದು, ಮಕ್ಕಂದೂರು ರಸ್ತೆಯಲ್ಲಿ ಹೋಗುವುದು. ಆ ರಸ್ತೆಗೆ ಮೊದಲ ಸಲ ಹೋದಾಗ ನಾನೇ ಕಾರು ಓಡಿಸಿದ್ದೆ. ಅರ್ಧ ದಾರಿಯಲ್ಲಿ ವಾಪಸ್ ಬಂದೆವು. ಮೂರನೇ ಸಲ ತೋಟ ಇದ್ದ ಜಾಗದವರೆಗೂ ಹೋದೆವು.

ಇಷ್ಟೆಲ್ಲಾ ಆದರೂ, ಭಟ್ಟರು ಇಲ್ಲದಿದ್ದರೆ ಏನಾಗುತ್ತಿತ್ತೋ. ಅವರೂ ಅದೇ ಊರಿನವರು, ಪರಿಹಾರ ಕೇಂದ್ರದಲ್ಲಿ ಮಾವನ ಪಕ್ಕದ ಚಾಪೆಯವರು. ಈಗ ಜಂಬೂರಿನ ಈ ಪುನರ್ವಸತಿ ಬಡಾವಣೆಯಲ್ಲಿ ಎರಡು ಸಾಲು ಆಚೆ ಅವರ ಮನೆ. ಮಳೆ ಜೋರಾದರೆ ಫೋನ್ ಬರುತ್ತದೆ: "ಕಾಫಿಗೆ ಬರ್ತಾ ಇದ್ದೀನಿ." ಅಷ್ಟೇ. ಹೇಗಿದ್ದೀರಿ ಅಂತ ಕೇಳುವುದಿಲ್ಲ, ಮರೆತುಬಿಡಿ ಅಂತ ಹೇಳುವುದಿಲ್ಲ. ಬಂದು ಕೂರುತ್ತಾರೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. 2000ದಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಬ್ರೂಯಿನ್ ಮತ್ತು ಸಂಗಡಿಗರು 77 ಸಂಶೋಧನಾ ಲೇಖನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಯಾರಿಗೆ ಈ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಹಳೆಯ ಸ್ವಭಾವ, ಓದುಬರಹಕ್ಕಿಂತ ಜಾಸ್ತಿ ತೂಕ ಇದ್ದದ್ದು ಆಘಾತದ ಹೊತ್ತಿನಲ್ಲಿ ಮತ್ತು ಅದರ ನಂತರ ಏನಾಯಿತು ಅನ್ನುವುದಕ್ಕೆ. ಅದರಲ್ಲೂ, ಬೆಂಬಲಕ್ಕೆ ಜನ ಇಲ್ಲದಿರುವುದಕ್ಕೆ.

ವಯನಾಡಿನ ಶಿಬಿರಗಳಲ್ಲಿ ಈಗ ಕೂತಿರುವವರು ಕಣ್ಣ ಮುಂದೆ ಬರುತ್ತಾರೆ. ಅಲ್ಲಿಗೆ ಹೋಗುವವರು ಯಾರೂ "ಏನಾಯ್ತು ಹೇಳಿ" ಅಂತ ಒತ್ತಾಯ ಮಾಡದಿರಲಿ. ಮೊದಲ ದಿನಗಳಲ್ಲಿ ಹಾಗೆ ಕೆದಕುವುದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೇ ಆಗಬಹುದು. ಒಣ ಬಟ್ಟೆ, ಬಿಸಿ ಊಟ, ತಮ್ಮವರ ಸುದ್ದಿ, ಪಕ್ಕದಲ್ಲಿ ಗುರುತಿನ ಮುಖ. ಸದ್ಯಕ್ಕೆ ಅಷ್ಟು ಬೇಕು. ತಿಂಗಳುಗಳಾದ ಮೇಲೂ ಯಾರಾದರೂ ಬೂಟು ಹಾಕಿಕೊಂಡೇ ಮಲಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಹನ್ನೊಂದೂವರೆಗೆ ಭಟ್ಟರು ಕೊಡೆ ಮಡಚುತ್ತಾ ಬಂದರು. ಬಾಗಿಲ ಹತ್ತಿರವೇ ಇನ್ನೊಂದು ಕುರ್ಚಿ ಎಳೆದುಕೊಂಡರು. ಬಹಳ ಹೊತ್ತು ಇಬ್ಬರೂ ಮಳೆ ನೋಡಿದರು. ಆಮೇಲೆ ಮಾವನೇ ಅಂದರು, "ಪಾಪ, ಅವರೂ ಮಲಗಿದ್ರು ಅಲ್ವಾ ಭಟ್ರೇ." ಭಟ್ಟರು "ಹೂಂ" ಅಂದರು. ಕಾಫಿ ಕುಡಿದಾದ ಮೇಲೆ ಮಾವ ಬಗ್ಗಿ ಬೂಟಿನ ದಾರ ಬಿಚ್ಚಿದರು.