ಮಾಗಡಿ ಕೆರೆಗೆ ಹೋದ್ರೆ ಹಕ್ಕಿ ಗ್ಯಾರಂಟಿ ಸಿಗುತ್ತಾ?

ಶಿವರಾತ್ರಿ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಈ ಭಾನುವಾರ ಮಾಗಡಿ ಕೆರೆಗೆ ಹೋಗ್ತಿದ್ದೀವಿ. ಹಕ್ಕಿ ಗ್ಯಾರಂಟಿ ಸಿಗುತ್ತಾ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಿಟ್ಟುಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು. ಬೇಜಾರಾದರೆ ಆಗಲಿ.

ಇಲ್ಲ. ಗ್ಯಾರಂಟಿ ಇಲ್ಲ. ಗ್ಯಾರಂಟಿ ಬೇಕಿದ್ದರೆ ಮೃಗಾಲಯಕ್ಕೆ ಹೋಗಿ, ಅಲ್ಲಿ ಹೆಸರಿನ ಬೋರ್ಡೂ ಇರುತ್ತೆ.

ಇನ್ನೊಂದು ಮಾತು. ಇದು ಬೆಂಗಳೂರಿನ ಪಕ್ಕದ, ಕೆಂಪೇಗೌಡರ ಮಾಗಡಿ ಅಲ್ಲ. ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ನಗಬೇಡಿ. ಒಬ್ಬ ಮಹಾನುಭಾವರು ಬೆಂಗಳೂರು-ಮಾಗಡಿ ರಸ್ತೆಯ ತಾವರೆಕೆರೆ ದಾಟಿದ ಮೇಲೆ ಫೋನ್ ಮಾಡಿ "ಕೆರೆ ಎಡಕ್ಕಾ ಬಲಕ್ಕಾ?" ಅಂತ ಕೇಳಿದ್ದರು.

ಅಲ್ಲಿಗೆ ಬರುವ ದೊಡ್ಡ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅಷ್ಟೇ ಗುರುತು ಸಾಕು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಈ ಕಡೆ ಬರುತ್ತವೆ. 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಾಣಿಸಿವೆ. ಅಷ್ಟು ದೂರದಿಂದ ಬಂದದ್ದು ನಿಮ್ಮ ಭಾನುವಾರಕ್ಕೆ ಕಾಯುತ್ತಾ ಕೂರುತ್ತಾ? ನವೆಂಬರ್ ಹೊತ್ತಿಗೆ ಬರುತ್ತವೆ. ಮಾರ್ಚ್ ಹೊತ್ತಿಗೆ ಹೊರಡುತ್ತವೆ. ನಿನ್ನೆ ಇದ್ದ ಹಿಂಡು ಇವತ್ತು ಇಲ್ಲ ಅಂದ್ರೆ ಅದು ನನ್ನ ತಪ್ಪಲ್ಲ.

"ಹಂಗಾದ್ರೆ ಸೀಸನ್ ಮುಗೀತಲ್ವಾ, ಡಿಸೆಂಬರಲ್ಲೇ ಹೋಗ್ಬೇಕಿತ್ತಾ?" ಅಂತ ಮುಂದಿನ ಪ್ರಶ್ನೆ. ಇಲ್ಲಪ್ಪ. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆಯೇ ಚೆನ್ನ. ಆಗ ನೀರು ಇಳಿದು ದಡದ ಕೆಸರು ತೆರೆದುಕೊಂಡಿರುತ್ತೆ. ಕೆಸರಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿಗಳಿಗೆ ಹಬ್ಬ. ಎಮ್ಮೆ ನೀರು ಕುಡಿದು ಹೋದ ಜಾಗದಲ್ಲಿ ಗೊರಸಿನ ಗುಂಡಿ ಬಿದ್ದಿರುತ್ತಲ್ಲ, ಅದರಲ್ಲಿ ಒಂದು ಗೇಣಿನ ಹಕ್ಕಿ ಕೊಕ್ಕು ತೂರಿಸಿ, ಹಿಂಭಾಗ ಕುಣಿಸುತ್ತಾ, ಒಂದು ಗುಂಡಿಯನ್ನೂ ಬಿಡದೆ ಹುಡುಕುತ್ತಾ ಹೋಗುತ್ತೆ. ಚಳಿಗಾಲವಿಡೀ ಮಾಸಲು ಮಾಸಲಾಗಿದ್ದ ಹಳದಿ ಸಿಪಿಲೆಗಳು, ಅದೇ ಬಾಲ ಕುಣಿಸುವ ಪುಟ್ಟ ಹಕ್ಕಿಗಳು, ಅರಿಶಿನ ಬಣ್ಣಕ್ಕೆ ತಿರುಗುತ್ತಿರುತ್ತವೆ. ಇದನ್ನೆಲ್ಲ ಹೇಳಿದರೆ "ಅದೆಲ್ಲ ಸರಿ, ದೊಡ್ಡದು ಸಿಗುತ್ತಾ?" ಅಂತಾರೆ.

ಇಂಥವರೊಬ್ಬರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಆರಕ್ಕೆ ಹೊರಡೋಣ ಅಂದಿದ್ದೆ. ಗದಗದಲ್ಲಿ ತಿಂಡಿ, ಆಮೇಲೆ ಎರಡನೇ ಚಹಾ, ಆಮೇಲೆ ಗಿರ್ಮಿಟ್. ಏರಿ ಮೇಲೆ ನಿಂತಾಗ ಬಿಸಿಲು ಚುರುಗುಟ್ಟುತ್ತಿತ್ತು. ಪುಣ್ಯಕ್ಕೆ ಹೆಬ್ಬಾತುಗಳಿದ್ದವು, ನಡುನೀರಿನಲ್ಲಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ ನಿದ್ದೆ. "ಏನ್ ಸರ್, ಸುಮ್ನೆ ಮಲಗಿವೆ" ಅಂದವರೇ ಬ್ಯಾಗಿನಿಂದ ಡ್ರೋನ್ ತೆಗೆದರು. ಬೇಡ ಅನ್ನುವಷ್ಟರಲ್ಲಿ ಅದು ಮೇಲಿತ್ತು. ಮೊದಲು ಒಂದು ಕುತ್ತಿಗೆ ನೆಟ್ಟಗಾಯಿತು. ಆಮೇಲೆ ಹತ್ತು. ಆಮೇಲೆ ಕೆರೆಗೆ ಕೆರೆಯೇ ಎದ್ದಿತು. ಅವರಿಗೆ ಒಳ್ಳೆ ವಿಡಿಯೋ ಸಿಕ್ಕಿತು. ಹಿಮಾಲಯ ದಾಟಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಹಕ್ಕಿಗಳಿಗೆ ದಂಡದ ಹಾರಾಟ.

ಏರಿ ಮೇಲೆ ಎತ್ತು ಹೊಡೆದುಕೊಂಡು ಬರುತ್ತಿದ್ದ ಯಜಮಾನರು ನಿಂತು ನೋಡಿದರು. "ರಾತ್ರಿ ನಮ್ಮ ಹೊಲದಾಗ ಉಣ್ತಾವ, ಹಗಲು ನಿಮಗ ಫೋಟೋ ಕೊಡ್ತಾವ. ಅವನ್ನೂ ಓಡಿಸಿದ್ರಿ?" ಅಂದರು. ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದು ತಮಾಷೆಯಲ್ಲ. ಈ ಬಾತುಗಳು ಮೇಯುವುದು ಹೆಚ್ಚಾಗಿ ಕತ್ತಲಲ್ಲಿ, ಅದೂ ಸುತ್ತಲಿನ ಬೆಳೆಯಲ್ಲಿ. ಹಗಲು ಕೆರೆ ಅವಕ್ಕೆ ಬರೀ ಮಲಗುವ ಕೋಣೆ.

ಹಕ್ಕಿ ಸಿಗುತ್ತಾ ಅಂತ ಕೇಳುವವರು ಒಂದೇ ಒಂದು ಸಲ "ಈ ವರ್ಷ ಕೆರೆ ತುಂಬಿದೆಯಾ?" ಅಂತ ಕೇಳಲಿ, ಗಂಟೆಗಟ್ಟಲೆ ಮಾತಾಡುತ್ತೇನೆ. ಅದು ಹೊಲಕ್ಕೆ ನೀರಿಗಾಗಿ ಕಟ್ಟಿದ ಕೆರೆ, ಮಳೆ ನಂಬಿಕೊಂಡದ್ದು. ಮುಂಗಾರು ಕೈಕೊಟ್ಟ ವರ್ಷ ತಳ ಕಾಣುತ್ತೆ, ಹಕ್ಕಿಯೂ ಕಡಿಮೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಅಂಕಸಮುದ್ರ ಪಕ್ಷಿಧಾಮ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಸಂತೋಷ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹಳ್ಳದಲ್ಲಿ ನೀರು ಹರಿಯಲ್ಲ. ಹೊಲದಲ್ಲಿ ತಿಂದ ಬೆಳೆ ಯಾರ ಲೆಕ್ಕಕ್ಕೆ ಅಂತ ಇದುವರೆಗೆ ನನ್ನನ್ನು ಒಬ್ಬರೂ ಕೇಳಿಲ್ಲ. ಲೆನ್ಸ್ ಯಾವುದು ಒಳ್ಳೇದು ಅಂತ ಎಲ್ಲರೂ ಕೇಳಿದ್ದಾರೆ.

ಸರಿ, ಹೋಗಲೇಬೇಕಾ? ಶನಿವಾರವೇ ಗದಗಕ್ಕೆ ಬಂದು ಮಲಗಿ. ಬೆಳಕು ಹರಿಯುವ ಮುಂಚೆ ಏರಿ ಮೇಲಿರಿ, ಆಗ ಹಿಂಡುಗಳು ಹೊಲದಿಂದ ವಾಪಸ್ ಬಂದು ಇಳಿಯುವುದು ಕಾಣಬಹುದು. ಕೆಂಪು ಅಂಗಿ ಬೇಡ, ದಡಕ್ಕೆ ಇಳಿಯುವುದು ಬೇಡ. ಚಹಾ ಮಾಗಡಿ ಊರೊಳಗೇ ಕುಡಿಯಿರಿ. ಹಕ್ಕಿ ಇದೆಯಾ ಇಲ್ವಾ ಅಂತ ಅಲ್ಲಿ ಕೇಳಿ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಡ್ರೋನ್ ಇರುವವರು ಮಾತ್ರ ದಯವಿಟ್ಟು ಇನ್ನೊಂದು ಮಾಗಡಿಗೆ ಹೋಗಿ. ತಾವರೆಕೆರೆ ದಾಟಿ ನೇರ.