ನಲವತ್ತು ಸೆನ್ಸರ್, ಒಂದೇ ಸರಾಸರಿ

ಮಧ್ಯಾಹ್ನ ಮೂರಕ್ಕೆ ರಿಪೋರ್ಟ್ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದ್ದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಗೋದಾಮಿಗೆ ಉಷ್ಣತೆ ಅಳೆಯುವ ಸೆನ್ಸರ್ ಕೂರಿಸಿದ ನಮ್ಮ ಸಹೋದ್ಯೋಗಿ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಮಾತು ಕಮ್ಮಿ.

"ಏನ್ರೀ ಇದು, ನಲವತ್ತಕ್ಕೆ ನಲವತ್ತೂ 17.02 ಅಂತಿದೆ? ಬಾಗಿಲ ಹತ್ತಿರದ್ದೂ ಅದೇ, ಒಳಗಿನ ಮೂಲೆಯದ್ದೂ ಅದೇ. ಅಲ್ಲಿ ಯಾವತ್ತಾದ್ರೂ 20ಕ್ಕಿಂತ ಕೆಳಗೆ ಇಳಿದಿದ್ದುಂಟಾ?"

ರಿಪೋರ್ಟ್ ತೆಗೆದು ನೋಡಿದೆ. ಹೌದು, ಮೇಲಿಂದ ಕೆಳಗಿನವರೆಗೆ 17.02, 17.02, 17.02. ಇದನ್ನು ನೋಡದೆ ಹೇಗೆ ಕಳಿಸಿದೆ ಅಂತ ನನಗೇ ನಾಚಿಕೆ ಆಯಿತು. ನಿಜ ಹೇಳಬೇಕೆಂದರೆ ಬೆಳಗ್ಗೆಯಿಂದ ನಾನು ಉತ್ತರ ನೋಡಿರಲೇ ಇಲ್ಲ, ಗಡಿಯಾರ ಮಾತ್ರ ನೋಡುತ್ತಿದ್ದೆ.

ಕೆಲಸ ಸಣ್ಣದು. 40 ಸೆನ್ಸರ್, ಸೆಕೆಂಡಿಗೆ ಒಂದು ರೀಡಿಂಗ್, ಒಂದು ವರ್ಷ. ಪ್ರತಿ ಸೆನ್ಸರಿನ ವರ್ಷದ ಸರಾಸರಿ ಬೇಕು, ಅದರ ಜೊತೆ ಇನ್ನೊಂದಷ್ಟು ಲೆಕ್ಕ. ವರ್ಷಕ್ಕೆ 3,15,36,000 ಸೆಕೆಂಡು. ನಲವತ್ತರಿಂದ ಗುಣಿಸಿದರೆ 126 ಕೋಟಿ ಸಂಖ್ಯೆ. ಒಂದೊಂದನ್ನೂ 64 ಬಿಟ್ ಅಂದರೆ 8 ಬೈಟ್‌ನಲ್ಲಿ ಇಟ್ಟರೆ ಒಟ್ಟು 10 ಜಿಬಿ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೇ 8 ಜಿಬಿ ರ‍್ಯಾಮ್. ಹಿಡಿಸದ ಭಾಗ ಡಿಸ್ಕಿಗೆ ಹೋಗಿ ಬಂದು ಮಾಡುತ್ತಿತ್ತು. ಒಂದು ಓಟಕ್ಕೆ ಗಂಟೆಯ ಮೇಲಾಗುತ್ತಿತ್ತು, ಅಷ್ಟು ಹೊತ್ತೂ ಫ್ಯಾನ್ ಕೂಗು. ಚಾರ್ಜರ್ ಹಾಕದಿದ್ದರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತಿತ್ತು.

ಬೆಳಗ್ಗೆ ಸೆನ್ಸರಿನ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪತ್ರ, ತೆಗೆದೆ. ಬಳಸಿದ್ದು ಡಿಎಸ್18ಬಿ20, ಕೈಗೆ ಸುಲಭವಾಗಿ ಸಿಗುವ ಸೆನ್ಸರ್. ಅದು ಅಳೆಯುವ ಅತಿ ಸಣ್ಣ ಮೆಟ್ಟಿಲು 0.0625 ಡಿಗ್ರಿ, ಅಂದರೆ ಡಿಗ್ರಿಯ ಹದಿನಾರನೇ ಒಂದು ಪಾಲು. ಅದರ ನಿಖರತೆಯಂತೂ ಅರ್ಧ ಡಿಗ್ರಿ ಆಚೀಚೆ. ನಾನೋ, 15 ಅಂಕೆಗಳ ತನಕ ಹಿಡಿಯುವ 64 ಬಿಟ್ ಡಬ್ಬಿಯಲ್ಲಿ ಅದನ್ನು ಇಟ್ಟಿದ್ದೆ. ಒಂದು ಸಾಸಿವೆ ಕಾಳಿಗೆ ಒಂದು ಕೊಳಗ!

16 ಬಿಟ್ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ರೀತಿ) ಸಂಖ್ಯೆಯ ಗಾತ್ರ ತೋರಿಸಲು 5 ಬಿಟ್, ಅಂಕೆಗಳಿಗೆ 10 ಬಿಟ್, ಚಿಹ್ನೆಗೆ ಒಂದು. 16ರಿಂದ 32ರ ನಡುವೆ ಅದರ ಮೆಟ್ಟಿಲು 64ನೇ ಒಂದು ಪಾಲು. ಸೆನ್ಸರಿನ ಮೆಟ್ಟಿಲಿಗಿಂತ ನಾಲ್ಕು ಪಟ್ಟು ಸಣ್ಣದು. 125 ಡಿಗ್ರಿಯವರೆಗೂ ಲೆಕ್ಕ ಹಾಕಿ ನೋಡಿದೆ. ಈ ಸೆನ್ಸರ್ ಕೊಡುವ ಒಂದೇ ಒಂದು ಬೆಲೆಯೂ 16 ಬಿಟ್‌ನಲ್ಲಿ ಹಾಳಾಗುವುದಿಲ್ಲ. ಹತ್ತಿರಹತ್ತಿರ ಅಲ್ಲ, ಅಕ್ಷರಶಃ ಅದೇ ಬೆಲೆ. ಖುಷಿಯಾಯಿತು.

ಆದರೂ ಮೊದಲು 32 ಬಿಟ್‌ಗೆ ಬಂದೆ. 5 ಜಿಬಿ, ರ‍್ಯಾಮ್‌ನಲ್ಲಿ ಹಿಡಿಸಿತು. ಗಂಟೆಯ ಕೆಲಸ ಎರಡು ನಿಮಿಷ ಚಿಲ್ಲರೆಗೆ ಇಳಿಯಿತು. ಆಮೇಲೆ 16. ಎರಡೂವರೆ ಜಿಬಿ, ಸುಮಾರು ಒಂದು ನಿಮಿಷ. ಫ್ಯಾನ್ ಏಳಲೇ ಇಲ್ಲ.

ಇಲ್ಲೊಂದು ವಿಚಿತ್ರ ಇದೆ. ನನ್ನ ಪ್ರೊಸೆಸರ್‌ಗೆ 16 ಬಿಟ್‌ನಲ್ಲಿ ಕೂಡಲು ಬರುವುದಿಲ್ಲ. ಓದಿದ ಮೇಲೆ 32ಕ್ಕೆ ಹಿಗ್ಗಿಸಿಕೊಂಡು ಕೂಡುತ್ತದೆ. ಅಂದರೆ ಲೆಕ್ಕದ ಕೆಲಸ ಜಾಸ್ತಿಯೇ ಆಯಿತು, ಸಮಯ ಮಾತ್ರ ಕಮ್ಮಿಯಾಯಿತು. ಖರ್ಚು ಕೂಡುವುದರಲ್ಲಿ ಇಲ್ಲ, ಹೊತ್ತು ತರುವುದರಲ್ಲಿದೆ. ಪ್ರೊಸೆಸರ್ ಮೆಮೊರಿಯಿಂದ ಒಂದು ಸಲಕ್ಕೆ 64 ಬೈಟ್‌ನ ಒಂದು ತುಂಡು ತರುತ್ತದೆ. ಅದರಲ್ಲಿ 64 ಬಿಟ್‌ನ ಸಂಖ್ಯೆ ಎಂಟು, 16 ಬಿಟ್‌ನವು ಮೂವತ್ತೆರಡು. ಕರೆಂಟಿನ ಲೆಕ್ಕವೂ ಹಾಗೇ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಒಂದು ಪಟ್ಟಿ ಇದೆ, 45 ನ್ಯಾನೋಮೀಟರ್ ಚಿಪ್‌ಗಳದ್ದು. 32 ಬಿಟ್ ಫ್ಲೋಟ್ ಎರಡನ್ನು ಕೂಡಲು 0.9 ಪಿಕೋಜೂಲ್ (ಶಕ್ತಿಯ ಅತಿ ಸಣ್ಣ ಅಳತೆ). ಅಷ್ಟೇ ದೊಡ್ಡ ಒಂದು ಸಂಖ್ಯೆಯನ್ನು ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ನಿಂದ ತರಲು ಕಡಿಮೆಯೆಂದರೂ 640ರ ಆಸುಪಾಸು. ಏಳುನೂರು ಪಟ್ಟು! ಅಂಗಡಿ ಸಾಮಾನಿಗಿಂತ ಆಟೋ ಬಾಡಿಗೆ ಜಾಸ್ತಿ ಅಂತಾರಲ್ಲ, ಹಾಗೆ.

ಸರಿ, ಎಡವಿದ್ದೆಲ್ಲಿ? ಬದಲಾವಣೆ ಮಾಡಿದ್ದು ಫೈಂಡ್-ರೀಪ್ಲೇಸ್‌ನಲ್ಲಿ. ರೀಡಿಂಗ್ ಇಡುವ ಜಾಗದ ಜೊತೆಗೆ ಮೊತ್ತ ಕೂಡಿಟ್ಟುಕೊಳ್ಳುವ ವೇರಿಯಬಲ್ ಕೂಡ ಸಣ್ಣದಾಯಿತು. 16ಕ್ಕೆ ಇಳಿಸಿದಾಗ ಅದು ಕೂಡಲೇ ಕಿರುಚಿತು. 16 ಬಿಟ್ ಫ್ಲೋಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,504. ಒಂದು ಗಂಟೆಯ ರೀಡಿಂಗ್ ಕೂಡಿ ಮುಗಿಯುವ ಮೊದಲೇ ಮೊತ್ತ ಅದನ್ನು ದಾಟಿ, ಉತ್ತರದ ಜಾಗದಲ್ಲಿ "ಇನ್ಫಿನಿಟಿ" ಬಂತು. ನಕ್ಕು ಮೊತ್ತವನ್ನು ಮಾತ್ರ ವಾಪಸ್ 32ಕ್ಕೆ ಏರಿಸಿದೆ. ಒಂದು ದಿನದ ಡೇಟಾ ಕೊಟ್ಟು ಹಳೆಯ ಉತ್ತರದ ಜೊತೆ ಹೋಲಿಸಿದೆ. ಎರಡು ದಶಾಂಶದವರೆಗೂ ಸರಿ. ಇಡೀ ವರ್ಷ ಓಡಿಸಿ ಕಳಿಸಿಬಿಟ್ಟೆ.

ಫೋನ್ ಇಟ್ಟ ಮೇಲೆ ಒಂದು ಸೆನ್ಸರಿನ ಮೊತ್ತವನ್ನು ಹತ್ತು ಲಕ್ಷ ರೀಡಿಂಗಿಗೊಮ್ಮೆ ಪರದೆ ಮೇಲೆ ಬರಿಸಿದೆ. ಏರುತ್ತಾ ಹೋಯಿತು. 53,68,70,912. ಮುಂದಿನ ಸಾಲೂ 53,68,70,912. ಅದರ ಮುಂದಿನದೂ ಅದೇ. ವರ್ಷ ಮುಗಿಯುವ ಮೊದಲೇ ಮೊತ್ತ ನಿಂತುಬಿಟ್ಟಿತ್ತು. ರೀಡಿಂಗ್ ಬರುತ್ತಲೇ ಇತ್ತು, ಕೂಡುತ್ತಲೂ ಇತ್ತು, ಏನೂ ಸೇರುತ್ತಿರಲಿಲ್ಲ.

ಆ ಸಂಖ್ಯೆ 2ರ 29ನೇ ಘಾತ. ಫ್ಲೋಟ್‌ನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಮೆಟ್ಟಿಲು ಅಗಲವಾಗುತ್ತದೆ. 32 ಬಿಟ್‌ನಲ್ಲಿ ಆ ಎತ್ತರದ ಮೆಟ್ಟಿಲು 64ರಷ್ಟು. 25 ಕೂಡಿದರೆ ಅರ್ಧ ಮೆಟ್ಟಿಲೂ ಆಗುವುದಿಲ್ಲ, ಹಾಗಾಗಿ ಉತ್ತರ ಇದ್ದಲ್ಲಿಗೇ ಬಂದು ಕೂರುತ್ತದೆ. ನಮ್ಮ ಗೋದಾಮಿನಲ್ಲಿ ಉಷ್ಣತೆ 20ರಿಂದ 28ರ ಒಳಗೆ ಆಡುತ್ತದೆ. ಹಾಗಾಗಿ ನಲವತ್ತೂ ಸೆನ್ಸರ್ ಬೇಗವೋ ತಡವಾಗಿಯೋ ಅದೇ ಮೆಟ್ಟಿಲಿಗೆ ಬಂದು ಸಿಕ್ಕಿಕೊಂಡಿದ್ದವು. 53,68,70,912ನ್ನು 3,15,36,000ರಿಂದ ಭಾಗಿಸಿ ನೋಡಿ. 17.02! ಒಂದು ದಿನದ 86,400 ರೀಡಿಂಗಿನ ಮೊತ್ತ ಈ ಎತ್ತರದ ಹತ್ತಿರಕ್ಕೂ ಬರುವುದಿಲ್ಲ. ನನ್ನ ಪರೀಕ್ಷೆ ಪಾಸಾದದ್ದು ಅದಕ್ಕೇ.

ಇನ್ಫಿನಿಟಿ ಬಂದಿದ್ದೇ ವಾಸಿ. ಯಾರೂ ಅದನ್ನು ನಂಬುವುದಿಲ್ಲ. 17.02 ನೋಡಲು ಮರ್ಯಾದಸ್ಥ ಸಂಖ್ಯೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲೂ ಹೀಗೇ ಆಗಿತ್ತು. 1982ರಲ್ಲಿ ಅವರ ಸೂಚ್ಯಂಕ 1000ದಿಂದ ಶುರುವಾಯಿತು. ಪ್ರತಿ ಸಲ ಹೊಸ ಲೆಕ್ಕ ಮಾಡಿದಾಗಲೂ ಮೂರು ದಶಾಂಶದಾಚೆಯ ಅಂಕೆಗಳನ್ನು ಕತ್ತರಿಸಿ ಬಿಸಾಕುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 524ಕ್ಕೆ ಬಂದು ನಿಂತಿತ್ತು. ಸರಿ ಮಾಡಿ ಲೆಕ್ಕ ಹಾಕಿದಾಗ ಬಂದದ್ದು 1098. ಸುಮಾರು ಎರಡು ವರ್ಷ ಅಷ್ಟು ಜನ ಆ ಸಂಖ್ಯೆ ನೋಡಿದ್ದರು, ಅಲ್ವಾ? ನಾನು ಹತ್ತು ನಿಮಿಷಕ್ಕೇ ಸಿಕ್ಕಿಬಿದ್ದೆ.

ಮೊತ್ತವನ್ನು ಮಾತ್ರ 64 ಬಿಟ್‌ಗೆ ಏರಿಸಿದೆ. ನಲವತ್ತು ಮೊತ್ತ, ಎಂಟೆಂಟು ಬೈಟ್, ಒಟ್ಟು 320 ಬೈಟ್. ಎರಡೂವರೆ ಜಿಬಿ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಸಮಯ ಒಂದು ಸೆಕೆಂಡೂ ಹೆಚ್ಚಲಿಲ್ಲ. ಬಾಗಿಲ ಹತ್ತಿರದ್ದು 26ರ ಮೇಲೆ ಬಂತು, ಒಳಗಿನ ಮೂಲೆಯದ್ದು 23ರ ಆಸುಪಾಸು.

ಹೊಸ ರಿಪೋರ್ಟ್ ಕಳಿಸಿ, ಸುಮ್ನೆ ಮತ್ತೆ ಡೇಟಾಶೀಟ್ ತಿರುವಿದೆ. ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಪುಟದಲ್ಲೇ ಇತ್ತು. ಸೆನ್ಸರ್ ಪ್ರತಿ ರೀಡಿಂಗ್ ಕೊಡುವುದೇ ಎರಡು ಬೈಟ್‌ನ ಪೂರ್ಣಾಂಕವಾಗಿ, ಹದಿನಾರನೇ ಪಾಲುಗಳ ಲೆಕ್ಕದಲ್ಲಿ. 25 ಡಿಗ್ರಿ ಅಂದರೆ 400. ಅದನ್ನು ಹಿಗ್ಗಿಸಿ ಎಂಟು ಬೈಟ್ ಮಾಡಿದ್ದು ನಾನು, ಆಮೇಲೆ ಕಷ್ಟಪಟ್ಟು ಎರಡಕ್ಕೆ ಇಳಿಸಿದ್ದೂ ನಾನು. ಇಡೀ ದಿನದ ಸಾಹಸ ಇಷ್ಟೇ.

ಫೋನಿನಲ್ಲಿ ಇದನ್ನು ಹೇಳಿದರೆ ಅವರು ನಗಲಿಲ್ಲ. "ಅಲ್ರೀ, ಸೆನ್ಸರ್ 12 ಬಿಟ್‌ನಲ್ಲಿ ಓಡ್ತಿದೆಯಾ?" ಅಂದರು. ಹೌದು ಅಂದೆ. ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಅನ್ನುವುದನ್ನು ಈ ಸೆನ್ಸರಿಗೆ ಬಿಟ್‌ಗಳ ಲೆಕ್ಕದಲ್ಲಿ ಹೇಳಬಹುದು. 12 ಬಿಟ್‌ನಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡ್ ತನಕ ಎಚ್ಚರ ಇರಬೇಕು. 10 ಬಿಟ್‌ಗೆ ಇಳಿಸಿದರೆ ಮೆಟ್ಟಿಲು ಕಾಲು ಡಿಗ್ರಿ, ಸಮಯ 187.5 ಮಿಲಿಸೆಕೆಂಡ್.

"ಹಾಗಾದ್ರೆ ಹತ್ತು ಸಾಕು. ಬ್ಯಾಟರಿ ಬದಲಾಯಿಸೋಕೆ ಏಣಿ ಹತ್ತೋನು ನಾನು."

ಅವರು ಒಂದು ಸೆನ್ಸರನ್ನು 10 ಬಿಟ್‌ಗೆ ಇಳಿಸಿ ನೋಡುತ್ತೇನೆಂದರು. 10 ಬಿಟ್‌ನಲ್ಲಿ ಕೊನೆಯ ಎರಡು ಬಿಟ್‌ಗಳಿಗೆ ಅರ್ಥವಿರುವುದಿಲ್ಲ. ಅವನ್ನು ಸೊನ್ನೆ ಮಾಡುವ ಒಂದು ಸಾಲು ಬರೆದು, ಈ ಸಲ ಇಡೀ ವರ್ಷದ ಡೇಟಾ ಮೇಲೆ ಓಡಿಸಿ, ನಲವತ್ತು ಸಾಲನ್ನೂ ಓದಿ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದೆ.