ಬೇಡರ ವೇಷದ ಫೋಟೋಗಳಿಗೆ ಗುರುತು: ಮೂರನೇ ವಾರದ ಹೊತ್ತಿಗೆ

ಕಳೆದ ತಿಂಗಳು ಶಿರಸಿ ಪೇಟೆಯಲ್ಲಿ ಒಂದು ಬ್ಯಾನರ್ ಕಂಡೆ. ಬೆನ್ನ ತುಂಬ ನವಿಲುಗರಿ, ಕೈಯಲ್ಲಿ ಕತ್ತಿ-ಗುರಾಣಿ, ಎಗರಿ ಬರುತ್ತಿರುವ ಬೇಡ; ಇಲ್ಲಿನ ಹೋಳಿ ಕುಣಿತವಾದ ಬೇಡರ ವೇಷದ ಫೋಟೋ. 2025ರ ಹೋಳಿಯಲ್ಲಿ ರಾತ್ರಿ ಎರಡರ ತನಕ ನಿಂತು ನಾನೇ ತೆಗೆದದ್ದು. ಕೆಳಗಿನ ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ಅದರ ಜೊತೆ, ಬೇಡನಿಗೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವನ ಕೈಯೂ ಹೋಗಿತ್ತು. ಬೇಡನ ಆವೇಶ ಎಷ್ಟೆಂದು ಕಾಣುವುದೇ ಬಿಳಿಚಿಕೊಂಡ ಆ ಬೆರಳ ಗೆಣ್ಣುಗಳಲ್ಲಿ. ಹೆಸರು ಹೋದದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಮಾತ್ರ ಬೇಡ ಬರುವುದು, ಇನ್ನು 2027ಕ್ಕೇ.

ಸುಲಭವಾಗಿ ಕತ್ತರಿಸಲಾಗದ ಹಾಗೆ ಹೆಸರಿನ ಗುರುತು ಹಾಕಬೇಕೆಂದು, ಮೊದಲ ವಾರ ಫೋಟೋ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಕೂತೆ. ಹೆಸರನ್ನು ನಡುವೆ ಹಾಕಿದರೆ ಕೆಂಪು ಬಳಿದ ಮುಖವೇ ಕೆಡುತ್ತದೆ. ಕತ್ತಲ ಆಕಾಶದ ಮೇಲೆ ಹಾಕಿದರೆ ಕಲೆ ಅಳಿಸುವ ಹೀಲಿಂಗ್ ಟೂಲ್ ಒಮ್ಮೆ ಎಳೆದರೆ ಸಾಕು, ಮಾಯ. ಕೊನೆಗೆ ಗರಿಗಳ ಮೇಲೇ, ಶೇ. 20ರಷ್ಟು ಮಾತ್ರ ಕಾಣುವಂತೆ ತೆಳುವಾಗಿ ಕೂರಿಸಿದೆ. ಒಂದೊಂದು ಎಳೆಯನ್ನೂ ಮತ್ತೆ ಬಿಡಿಸದೆ ಅದನ್ನು ಕೈಯಾರೆ ಅಳಿಸಲಾಗದು. ನಾನೇ ಅಳಿಸಲು ಹೋಗಿ ಅರ್ಧ ಗಂಟೆಗೆ ಕೈಬಿಟ್ಟೆ.

ಎರಡನೇ ವಾರ ಎಲ್ಲ 140 ಫೋಟೋಗಳನ್ನೂ ಮತ್ತೆ ಮಾಡಬೇಕಾಯಿತು. ಒಂದೇ ಗುರುತಿನ ಮುದ್ರೆ (ವಾಟರ್‌ಮಾರ್ಕ್) ಹಲವು ಚಿತ್ರಗಳಲ್ಲಿದ್ದರೆ, ಅವನ್ನು ಹೋಲಿಸಿ ಮುದ್ರೆಯನ್ನು ತಾನಾಗಿ ಬೇರ್ಪಡಿಸಬಹುದೆಂದು ಗೂಗಲ್ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ಪ್ರತಿ ಚಿತ್ರದಲ್ಲೂ ಅಕ್ಷರ ತುಸು ಬಾಗಿದರೆ ಆ ಕೆಲಸ ಕಷ್ಟ. ಈಗ ಚಿತ್ರಗಳನ್ನು ಸಾಲಾಗಿ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಪುಟ್ಟ ಸ್ಕ್ರಿಪ್ಟ್ ಪ್ರತಿ ಸಲ ಗಾತ್ರ, ಓರೆ, ಬಾಗು ಬದಲಿಸುತ್ತದೆ. ಈಗಿನ ಎಐ ಅಳಿಸುವ ಸಾಧನಗಳ ಮುಂದೆ ಇದೂ ಪೂರ್ತಿ ನಿಲ್ಲದು. ಹಾಗಾಗಿ ಹೊರಗೆ ಕೊಡುವುದು 1200 ಪಿಕ್ಸೆಲ್‌ನ ಸಣ್ಣ ಪ್ರತಿ ಮಾತ್ರ. ಕ್ಯಾಮೆರಾದಿಂದ ಬಂದ ಮೂಲ ರಾ ಫೈಲ್ ಎರಡು ಡಿಸ್ಕ್‌ಗಳಲ್ಲಿ ಭದ್ರ. ಜಗಳ ಬಂದರೆ ಮಾತಾಡುವುದು ಅದೇ.

ಫೋಟೋ ಫೈಲಿನ ಒಳವಿವರ ಬರೆಯುವ ಎಕ್ಸಿಫ್‌ಟೂಲ್‌ನಿಂದ ಫೈಲ್ ಒಳಗೂ ಹೆಸರು ಬರೆದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಉದುರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

ಈ ವಾರ ಕಣ್ಣಿಗೆ ಕಾಣದ ಗುರುತು. ಪಿಕ್ಸೆಲ್‌ಗಳ ಕೊನೆಯ ಬಿಟ್‌ನಲ್ಲಿ (ಬದಲಾದರೂ ಕಣ್ಣಿಗೆ ತಿಳಿಯದ, ಬಣ್ಣದ ಸಂಖ್ಯೆಯ ಕೊನೆಯ ಅಂಕಿಯಲ್ಲಿ) ಬಚ್ಚಿಟ್ಟದ್ದು ಜೆಪೆಗ್ ಆಗಿ ಕುಗ್ಗಿಸಿದ ಕೂಡಲೇ ಅಳಿಯಿತು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆಯುತ್ತದೆ. ಆ ಚೌಕಗಳ ಮಧ್ಯಮ ಆವರ್ತನಗಳಲ್ಲಿ, ಅಂದರೆ ತೀರ ನಯವೂ ತೀರ ಸೂಕ್ಷ್ಮವೂ ಅಲ್ಲದ ಏರಿಳಿತಗಳಲ್ಲಿ, ಸೇರಿಸಿದ್ದು ಉಳಿಯಿತು. ಅಂಚು ಕತ್ತರಿಸಿದಾಗ ಮಾತ್ರ ಓದಲಾಗಲಿಲ್ಲ. ಮುಂದಿನ ಕೆಲಸ ಅದೇ.

ನಡುವೆ ಕಾಯ್ದೆಯನ್ನೂ ಓದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ, ತೆಗೆದಾಗಲೇ ಹಕ್ಕು ಹುಟ್ಟುತ್ತದೆ. 2012ರಲ್ಲಿ ಸೇರಿದ 65ಬಿ ಕಲಮಿನಂತೆ, ಗೊತ್ತಿದ್ದೂ ಹಕ್ಕಿನ ವಿವರ ತೆಗೆದುಹಾಕಿದರೆ ಎರಡು ವರ್ಷದವರೆಗೆ ಸೆರೆ. ಬ್ಯಾನರಿನವರಿಗೆ ಇದನ್ನೇ ಬರೆದು ಕಳಿಸಿದ್ದೇನೆ.

ವೇಷ ಕಟ್ಟಿದವನಿಗೆ ಮತ್ತು ಹಗ್ಗ ಹಿಡಿದವನಿಗೆ ಮಾತ್ರ ಯಾವ ಗುರುತೂ ಇಲ್ಲದ 12×18 ಇಂಚಿನ ಪ್ರಿಂಟ್. ಭಾನುವಾರ ಕೊಟ್ಟು ಬರಬೇಕು.